ಬೆಟ್ಟ ನೋಡುವವರ ಋಣ

ಪ್ರವಾಸದ ಸುಖದಲ್ಲಿ ಅರ್ಧ ಪಾಲು ಹೊರಡುವುದಕ್ಕೆ ಮುಂಚೆಯೇ ಸಿಕ್ಕಿಬಿಡುತ್ತದೆ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಪೆನ್ಸಿಲಿನಿಂದ ಗೆರೆ ಎಳೆಯುತ್ತ, ಇಲ್ಲಿ ಬೆಳಗಿನ ತಿಂಡಿ, ಇಲ್ಲಿ ಮಧ್ಯಾಹ್ನದ ಊಟ, ಈ ತಿರುವಿನಲ್ಲಿ ಹತ್ತು ನಿಮಿಷ ನಿಂತು ಕಣಿವೆ ನೋಡುವುದು ಎಂದು ಬರೆದುಕೊಳ್ಳುವ ಸುಖ ಅದು. ಆ ಹೊತ್ತಿನಲ್ಲಿ ಕಾರು ಕೆಡುವುದಿಲ್ಲ, ಮಕ್ಕಳಿಗೆ ವಾಂತಿಯಾಗುವುದಿಲ್ಲ, ದಾರಿ ತಪ್ಪುವುದಿಲ್ಲ. ನಕ್ಷೆಯಲ್ಲಿ ಬೆಟ್ಟವಿರುತ್ತದೆ, ನದಿಯಿರುತ್ತದೆ, ರಸ್ತೆಯಿರುತ್ತದೆ. ಮನುಷ್ಯರು ಮಾತ್ರ ಇರುವುದಿಲ್ಲ. ಈ ಕೊನೆಯ ಮಾತು ನನಗೆ ಹೊಳೆದದ್ದು ತಡವಾಗಿ. ಅದು ಹೊಳೆದ ಬಗೆಯನ್ನೂ ಅದರಿಂದ ಹುಟ್ಟಿದ ಒಂದು ಪ್ರಶ್ನೆಯನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಪ್ರಶ್ನೆ ಇಷ್ಟೆ: ಬೆಟ್ಟವನ್ನು ಬರೀ ನೋಡಿ ಬಂದವನು ಯಾರಿಗಾದರೂ ಏನಾದರೂ ಬಾಕಿ ಇರುತ್ತಾನೆಯೆ?

ನಮ್ಮೂರು ಕೊಡಿಕೊಂಡ. ಕಾಸರಗೋಡಿನ ಓದುಗರಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಾರರು. ಬೆಂಗಳೂರಿನಿಂದ ಹೈದರಾಬಾದಿಗೆ ರಸ್ತೆಯಲ್ಲಿ ಹೋದವರು, ಬಾಗೇಪಲ್ಲಿ ದಾಟಿದ ಮೇಲೆ ಬರುವ ಕೊಡಿಕೊಂಡ ಚೆಕ್‌ಪೋಸ್ಟನ್ನು ನಿದ್ದೆಗಣ್ಣಿನಲ್ಲಿ ನೋಡಿರಬಹುದು. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಲೇಪಾಕ್ಷಿ, ಅದರಾಚೆ ಹಿಂದೂಪುರ. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದೆವು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಮ್ಮ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನಿಮಗೆ ಮಲಯಾಳ ಹೇಗೋ ನಮಗೆ ತೆಲುಗು ಹಾಗೆ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಅದೇ ಹೆಸರನ್ನು ಕನ್ನಡದಲ್ಲಿ ಒಡೆದು ಓದಿದರೆ ‘ಕೊಡಿ’ ಮತ್ತು ‘ಕೊಂಡ’, ಅಂದರೆ ಕೊಡುವುದು ಮತ್ತು ಕೊಳ್ಳುವುದು. ಬ್ಯಾಂಕಿನ ಗುಮಾಸ್ತನಿಗೆ ಹೇಳಿ ಮಾಡಿಸಿದ ಊರು ಎಂದು ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ.

ನಮ್ಮ ಕಡೆ ಬೆಟ್ಟಗಳಿಲ್ಲ ಎಂದಲ್ಲ. ಇವೆ. ಆದರೆ ಬಂಡೆಯ ಬೆಟ್ಟಗಳು. ಬೇಸಿಗೆಯಲ್ಲಿ ಹತ್ತಿರ ಹೋದರೆ ಒಲೆಯ ಬಳಿ ನಿಂತಂತಾಗುತ್ತದೆ. ಅನಂತಪುರ ಸೀಮೆಯ ವಾಡಿಕೆಯ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತ ಕೂರುವ ಜನ ನಾವು. ಇಂಥಲ್ಲಿ ಹುಟ್ಟಿ ಬೆಳೆದವನಿಗೆ ಹಸಿರು ಬೆಟ್ಟ, ಮಂಜು, ರಸ್ತೆಯ ಪಕ್ಕದಲ್ಲೇ ಸುರಿಯುವ ನೀರು ಎಂದರೆ ಕಣ್ಣಿನ ಚಪಲವಷ್ಟೇ ಅಲ್ಲ, ಒಂದು ಬಗೆಯ ಹಸಿವು. ಬಹಳ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಹಸಿವಿಗೆ 2024ರಲ್ಲಿ ಒಂದು ದಾರಿ ಕಂಡಿತು. ಗಡಿನಾಡ ಕನ್ನಡಿಗರ ಒಂದು ಸಭೆಯಲ್ಲಿ ಪರಿಚಯವಾದ ಬದಿಯಡ್ಕದ ಗೆಳೆಯರು, “ಒಮ್ಮೆ ಮನೆಮಂದಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬನ್ನಿ ಮಾರಾಯ್ರೆ” ಎಂದರು. ನಾನು ಅದನ್ನೇ ನೆವ ಮಾಡಿಕೊಂಡೆ.

ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಯೋಜನೆ ಸಿದ್ಧವಾಯಿತು. ಕೊಡಿಕೊಂಡದಿಂದ ಬೆಂಗಳೂರು, ಮೈಸೂರು, ಗುಂಡ್ಲುಪೇಟೆ; ಬಂಡೀಪುರದ ಕಾಡು ದಾಟಿ ಸುಲ್ತಾನ್ ಬತ್ತೇರಿ, ಕಲ್ಪೆಟ್ಟ; ಮೇಪ್ಪಾಡಿಯ ಬಳಿ ಎರಡು ರಾತ್ರಿ; ಲಕ್ಕಿಡಿಯಿಂದ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನಿಳಿದು ಕೋಝಿಕ್ಕೋಡು; ಕರಾವಳಿಯುದ್ದಕ್ಕೂ ಕಾಸರಗೋಡು, ಬದಿಯಡ್ಕ; ಹಿಂದಿರುಗುವಾಗ ಸುಳ್ಯ, ಸಂಪಾಜೆ, ಮಡಿಕೇರಿಯ ಮೇಲೆ. ಒಟ್ಟು ಸುಮಾರು 1,100 ಕಿಲೋಮೀಟರ್. ಪುಟಕ್ಕೆ ಮೂರು ಕಾಲಮ್ಮು: ಸ್ಥಳ, ದೂರ, ಖರ್ಚು. ಸ್ವಾತಂತ್ರ್ಯ ದಿನದ ರಜೆ ಸೇರಿಸಿ ಆಗಸ್ಟ್ ನಡುವೆ ಹೊರಡುವುದೆಂದು ಗೊತ್ತುಮಾಡಿದೆ. ಮಳೆಗಾಲದಲ್ಲೇ ಹೋಗಬೇಕೆಂಬ ಹಟ ನನ್ನದೇ. ನೀರು ತುಂಬಿದ ಜಲಪಾತ ನೋಡಬೇಕಿತ್ತು. ಜುಲೈ ಕೊನೆಯಲ್ಲಿ ಆ ಕಡೆ ಮಳೆ ಜೋರಾಗಿದೆ ಎಂದು ಕೇಳಿದಾಗ ಸಂತೋಷಪಟ್ಟಿದ್ದೆ. ಮೇಪ್ಪಾಡಿಯ ಬಳಿ ಮನೆಯಲ್ಲೇ ಅತಿಥಿಗಳನ್ನು ಇಳಿಸಿಕೊಳ್ಳುವ ಒಬ್ಬರಿಗೆ ಮೂರು ಸಾವಿರ ರೂಪಾಯಿ ಮುಂಗಡ ಕಳಿಸಿದ್ದೆ. ಗುಂಡ್ಲುಪೇಟೆಯೊಡನೆ ವ್ಯಾಪಾರ ಮಾಡಿದವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಅಡುಗೆಗೆ ಬರುವ ಹೆಂಗಸು ಪುಟ್ಟು-ಕಡಲೆ ಚೆನ್ನಾಗಿ ಮಾಡುತ್ತಾಳೆ ಎಂದು ಹೇಳಿದ್ದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಪುಂಜಿರಿಮಟ್ಟಂ, ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಮಂದಿ ಸಿಕ್ಕಲೇ ಇಲ್ಲ. ಚಾಲಿಯಾರ್ ಹೊಳೆ ಶವಗಳನ್ನು ಪಕ್ಕದ ಜಿಲ್ಲೆಯ ನಿಲಂಬೂರಿನವರೆಗೆ ಒಯ್ದಿತ್ತು. ಅದಕ್ಕೆ ಮುಂಚಿನ ಎರಡು ದಿನಗಳಲ್ಲಿ ಅಲ್ಲಿ ಬಿದ್ದ ಮಳೆ 570 ಮಿಲಿಮೀಟರಿಗೂ ಹೆಚ್ಚು ಎಂದು ಓದಿದೆ. ನಮ್ಮ ಒಂದು ವರ್ಷದ ಮಳೆ. ನಾನು ಬರಲೆಂದು ಹಾರೈಸಿದ್ದ ಮಳೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಟಿ.ವಿ.ಯಲ್ಲಿ ಸುದ್ದಿ ನೋಡಿ ಅಯ್ಯೋ ಎಂದದ್ದು ನಿಜ. ಅದರ ಹಿಂದೆಯೇ ಬಂದ ಯೋಚನೆ ಮುಂಗಡದ್ದು. ಎರಡು ದಿನ ಬಿಟ್ಟು ಮೇಪ್ಪಾಡಿಯವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾವು ಬರುವುದಿಲ್ಲ, ಹಣದ ವಿಚಾರ ಅನುಕೂಲವಾದಾಗ ನೋಡಿ ಎಂದು ಸಭ್ಯವಾಗಿ ಒಂದು ಸಂದೇಶ ಕಳಿಸಿದೆ. ಮೂರನೆಯ ದಿನ ಖಾತೆಗೆ ಮೂರು ಸಾವಿರವೂ ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಹಣ ಬಂತೆಂದು ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ಅವರು ಹೇಗಿದ್ದಾರೆ ಅಂತ ಕೇಳಿದ್ರಾ?” ಎಂದಳು.

ನಾನು ಕೇಳಿರಲಿಲ್ಲ.

ಮತ್ತೆ ಫೋನ್ ಮಾಡಲು ನನಗೆ ಇಪ್ಪತ್ತು ದಿನ ಬೇಕಾಯಿತು. ಅವರ ಮನೆ ಬೇರೆ ಇಳಿಜಾರಿನಲ್ಲಿತ್ತು, ಏನೂ ಆಗಿರಲಿಲ್ಲ. ಅಡುಗೆಯಾಕೆಯ ಮನೆ ಚೂರಲ್‌ಮಲದಲ್ಲಿತ್ತು. ಆಕೆ ಸಿಕ್ಕಿರಲಿಲ್ಲ. “ನಿಮ್ಮ ಮುಂಗಡ ತಲುಪಿತಲ್ಲ ಸಾರ್?” ಎಂದು ಅವರೇ ಕೇಳಿದರು.

ಆ ರಾತ್ರಿ ನೋಟ್‌ಬುಕ್ಕು ತೆರೆದೆ. ಪುಟ್ಟು-ಕಡಲೆ ಎಂದು ಬರೆದದ್ದು ಹಾಗೆಯೇ ಇತ್ತು. ನಾನು ಯಾರಿಗೂ ಕೇಡು ಮಾಡಿರಲಿಲ್ಲ. ಕಾಯಿದೆಯ ಪ್ರಕಾರ ಕೇಳಬಹುದಾದ್ದನ್ನೇ ಕೇಳಿದ್ದೆ. ಆದರೂ ಏನೋ ತಪ್ಪಾಗಿದೆ ಎನಿಸಿತು. ಏನು ತಪ್ಪು ಎಂದು ಯೋಚಿಸುತ್ತ ಹೋದಾಗ ಅದರ ಬೇರು ಫೋನಿನಲ್ಲಿರದೆ ನನ್ನ ಯೋಜನೆಯಲ್ಲೇ ಇದ್ದಂತೆ ಕಂಡಿತು. ಆ ಬೆಟ್ಟವನ್ನು ನಾನು ಒಂದು ಚಿತ್ರದ ಹಾಗೆ ಕೊಂಡಿದ್ದೆ. ಚಿತ್ರ ಹರಿಯಿತು, ಹಣ ವಾಪಸು ಕೇಳಿದೆ.

ಬಿ.ಎ. ಓದುವಾಗ ತತ್ತ್ವಶಾಸ್ತ್ರದ ತರಗತಿಯಲ್ಲಿ ಕೇಳಿದ್ದ ಕಾಂಟ್ ಎಂಬ ಜರ್ಮನ್ ದಾರ್ಶನಿಕ ಆಗ ನೆನಪಾದ. 1790ರ ತನ್ನ ಒಂದು ಗ್ರಂಥದಲ್ಲಿ ಅವನು ಭವ್ಯತೆಯ ವಿಚಾರ ಮಾಡುತ್ತಾನೆ. ತಲೆಯ ಮೇಲೆ ಬೀಳುವಂತಿರುವ ಬಂಡೆ, ಗುಡುಗು, ಉಕ್ಕುವ ಕಡಲು, ಎತ್ತರದ ಜಲಪಾತ ಇವೆಲ್ಲ ನಮ್ಮ ಮನಸ್ಸನ್ನು ಮೇಲೆತ್ತುತ್ತವೆ. ಆದರೆ ನಾವು ಅಪಾಯವಿಲ್ಲದ ಜಾಗದಲ್ಲಿ ನಿಂತಿದ್ದರೆ ಮಾತ್ರ ಎಂಬುದು ಅವನ ಮಾತಿನ ತಿರುಳು. ಅಲ್ಲಿಯೇ ಒಬ್ಬ ರೈತನ ಪ್ರಸ್ತಾಪವೂ ಬರುತ್ತದೆ. ಆಲ್ಪ್ಸ್ ಪರ್ವತಗಳನ್ನು ಹತ್ತಿ ಅಧ್ಯಯನ ಮಾಡಿದ ಸೊಸ್ಯೂರ್ ಎಂಬ ವಿದ್ವಾಂಸ ಹೇಳಿದ್ದು ಅದು. ಹಿಮದ ಬೆಟ್ಟಗಳನ್ನು ಮೋಹಿಸಿ ಬರುವವರೆಲ್ಲ ಮೂರ್ಖರು ಎಂದು ಆ ಸೀಮೆಯ ರೈತನೊಬ್ಬ ಹೇಳಿದನಂತೆ. ರೈತನಿಗೆ ಸಂಸ್ಕಾರ ಸಾಲದೆಂದು ಕಾಂಟ್ ಭಾವಿಸಿದರೂ ಅವನ ಮಾತನ್ನು ಪೂರಾ ತಳ್ಳಿಹಾಕಲಿಲ್ಲ. ಸೊಸ್ಯೂರ್ ಬರೀ ಶೋಕಿಗಾಗಿ ಹತ್ತಿದ್ದರೆ ರೈತ ಹೇಳಿದ್ದು ಸರಿಯಾಗುತ್ತಿತ್ತೇನೋ, ಅವನು ಲೋಕಕ್ಕೆ ತಿಳಿವಳಿಕೆ ಕೊಡಲು ಹತ್ತಿದ ಎಂದು ಸೇರಿಸಿದ. ಕಾಂಟ್ ತನ್ನ ಸೀಮೆ ಬಿಟ್ಟು ದೂರ ಹೋದವನಲ್ಲ. ಆ ಬೆಟ್ಟಗಳನ್ನು ಕಂಡವನೂ ಅಲ್ಲ. ಆದರೂ ನನ್ನಂಥ ಶೋಕಿಯ ಪ್ರವಾಸಿಗೆ ಅವನು ಅಲ್ಲಿ ಆಸರೆ ಬಿಡಲಿಲ್ಲ.

ಇದೇ ವಿಷಯವನ್ನು ನಮ್ಮ ಹಿರಿಯರು ಗಾದೆಯಲ್ಲಿ ಮುಗಿಸಿದ್ದಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವೆ ನಾವು. ನಮ್ಮೂರ ತೆಲುಗರು ‘ದೂರಪು ಕೊಂಡಲು ನುನುಪು’ ಎನ್ನುತ್ತಾರೆ. ಈ ದಡದಲ್ಲಿ ನಿಂತರೆ ಆ ದಡ ಹಸಿರು ಎಂಬ ಅರ್ಥದಲ್ಲಿ ನಿಮ್ಮ ನೆರೆಯ ಮಲಯಾಳಿಗಳು ‘ಇಕ್ಕರೆ ನಿನ್ನಾಲ್ ಅಕ್ಕರೆ ಪಚ್ಚ’ ಎನ್ನುತ್ತಾರೆ. ಗಡಿಯ ಈ ಮೂರು ಭಾಷೆಗಳೂ ನೋಡುವವನನ್ನು ಸಣ್ಣಗೆ ಹಾಸ್ಯ ಮಾಡುತ್ತವೆ. ನುಣುಪು ಬೆಟ್ಟದಲ್ಲಿಲ್ಲ, ನಾವು ನಿಂತಿರುವ ದೂರದಲ್ಲಿದೆ.

ಹಾಗಾದರೆ ಹೋಗದಿರುವುದೇ ಒಳ್ಳೆಯದಲ್ಲವೆ ಎಂದು ಕೇಳಬಹುದು. ನನಗೂ ಕೆಲವು ದಿನ ಹಾಗೆನಿಸಿತು. ಆದರೆ ಮೇಪ್ಪಾಡಿಯವರು ಇನ್ನೊಮ್ಮೆ ಮಾತಾಡಿದಾಗ ಬೇರೆ ಮಾತು ಹೇಳಿದರು. ಅಲ್ಲಿಂದ ಎಷ್ಟೋ ದೂರದ ಊರುಗಳಿಗೂ ಜನ ಬರುವುದು ನಿಂತಿತ್ತು. ಹೋಟೆಲಿನವರು, ಜೀಪಿನವರು, ಜೇನು-ಮೆಣಸು ಮಾರುವವರು ಖಾಲಿ ಕೂತಿದ್ದರು. “ಮಣ್ಣು ಒಮ್ಮೆ ತಗೊಂಡು ಹೋಯ್ತು ಸಾರ್. ಈಗ ನೀವು ಯಾರೂ ಬರದೆ ಇನ್ನೊಮ್ಮೆ” ಎಂದರು. ಮನೆಯಲ್ಲಿ ಕೂತವನ ಕೈಯೂ ಶುದ್ಧವಲ್ಲ. ನಾವು ಕುಡಿಯುವ ಚಹಾ, ಸಾರಿಗೆ ಹಾಕುವ ಮೆಣಸು, ಪಾಯಸದ ಏಲಕ್ಕಿ ಇಂಥ ಇಳಿಜಾರುಗಳಲ್ಲೇ ಬೆಳೆದದ್ದು. ಬೆಟ್ಟದಿಂದ ತೆಗೆದುಕೊಳ್ಳುವುದನ್ನು ನಾವು ಎಂದೂ ನಿಲ್ಲಿಸಿರಲಿಲ್ಲ. ನೋಡಲು ಹೋಗುವುದನ್ನಷ್ಟೇ ನಿಲ್ಲಿಸಿ ಒಳ್ಳೆಯವರಾಗಲು ಹೊರಟಿದ್ದೆವು.

ಸರಿ, ಹೋಗಿ ಹಣ ಕೊಟ್ಟರೆ ಲೆಕ್ಕ ಚುಕ್ತವಾಯಿತಲ್ಲ ಎಂಬುದು ಎರಡನೆಯ ಉತ್ತರ. ಇಲ್ಲಿ ನನ್ನ ಕಸುಬಿನ ಒಂದು ಭೇದ ಉಪಯೋಗಕ್ಕೆ ಬರುತ್ತದೆ. ಬೆಲೆ ಬೇರೆ, ಸಾಲ ಬೇರೆ. ಬೆಲೆ ಕೊಟ್ಟ ಕ್ಷಣಕ್ಕೆ ಕೊಟ್ಟವನಿಗೂ ಕೊಂಡವನಿಗೂ ಸಂಬಂಧ ಮುಗಿಯಿತು. ಸಾಲವಿರುವಷ್ಟು ಕಾಲ ಇಬ್ಬರ ಹೆಸರೂ ಒಂದೇ ಪುಸ್ತಕದಲ್ಲಿರುತ್ತವೆ. ಕೋಣೆಗೆ, ಊಟಕ್ಕೆ ಬೆಲೆಯಿದೆ, ಕೊಡಬೇಕು. ಆದರೆ ನೋಟಕ್ಕೆ ಬೆಲೆಯಿಲ್ಲ. ಹಳಬರು ಹೇಳಿದ ದೇವಋಣ, ಋಷಿಋಣ, ಪಿತೃಋಣಗಳಲ್ಲಿ ಯಾವುದನ್ನೂ ಹಣ ಎಣಿಸಿ ತೀರಿಸುವ ಹಾಗಿಲ್ಲ. ಬಾಳುವ ರೀತಿಯಿಂದ ತೀರಿಸಬೇಕು. ನೋಟದ ಋಣವೂ ಆ ಜಾತಿಯದೇ ಎಂದು ನನಗೆ ತೋರುತ್ತದೆ.

ನಾನು ಇಳಿಯಬೇಕೆಂದಿದ್ದ ತಾಮರಶ್ಶೇರಿ ಘಾಟಿಯ ಕಥೆಯನ್ನೇ ನೋಡಿ. ಅದರ ತುದಿಯಲ್ಲಿ ಲಕ್ಕಿಡಿಯ ಬಳಿ ಸರಪಳಿ ಬಿಗಿದ ಒಂದು ಮರವಿದೆ. ಕರಿಂತಂಡನ್ ಎಂಬ ಪಣಿಯ ಮನುಷ್ಯ ಇಂಗ್ಲಿಷ್ ಇಂಜಿನಿಯರನಿಗೆ ಬೆಟ್ಟದ ದಾರಿ ತೋರಿಸಿದನೆಂದೂ, ದಾರಿ ಕಂಡುಹಿಡಿದ ಹೆಸರು ತನಗೇ ಇರಲೆಂದು ಆ ಇಂಜಿನಿಯರು ಅವನನ್ನು ಕೊಂದನೆಂದೂ, ಅವನ ಪ್ರೇತ ದಾರಿಹೋಕರನ್ನು ಕಾಡತೊಡಗಿದಾಗ ಮಂತ್ರವಾದಿಯೊಬ್ಬ ಅದನ್ನು ಸರಪಳಿಯಿಂದ ಆ ಮರಕ್ಕೆ ಕಟ್ಟಿದನೆಂದೂ ಐತಿಹ್ಯ. ಇತಿಹಾಸವಾಗಿ ಇದು ಎಷ್ಟು ನಿಜವೋ, ನೀತಿಯಾಗಿ ಪೂರಾ ನಿಜ. ಪ್ರತಿ ಘಾಟಿ ರಸ್ತೆಯ ಕೆಳಗೂ ದಾರಿ ತೋರಿಸಿದವನೊಬ್ಬ, ಕಲ್ಲು ಒಡೆದವನೊಬ್ಬ, ಮಣ್ಣು ಕುಸಿದಾಗ ಮೊದಲು ಸಾಯುವವನೊಬ್ಬ ಇದ್ದೇ ಇರುತ್ತಾನೆ. ವಯನಾಡಿನ ದುರಂತಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿಯಿತು. ಕೋಝಿಕ್ಕೋಡಿನ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಚಾಲಕ ಕೇರಳದವನು, ಮಣ್ಣು ಕರ್ನಾಟಕದ್ದು. ಎರಡು ತಿಂಗಳ ಮೇಲೆ ಎರಡೂ ಭಾಷೆಯ ಜನ ಒಂದೇ ಹೊಳೆಯನ್ನು ನೋಡುತ್ತ ಕಾದರು.

ಈ ಋಣವನ್ನು ತೀರಿಸುವುದು ಹೇಗೆ? ಮೊದಲ ಹೆಜ್ಜೆ, ನಮ್ಮ ಹಕ್ಕು ಎಲ್ಲರ ಹಕ್ಕಿಗಿಂತ ಹಿಂದಿನದು ಎಂದು ಒಪ್ಪುವುದು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ. ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದವೆಂದು ಬಂದ ನಿಯಮ ಅದು. ಕರ್ನಾಟಕದ ಹೈಕೋರ್ಟು 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಈ ವಾರ್ಷಿಕದ ಎರಡು ಭಾಷೆಯ ಓದುಗರಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯವಿರುವುದು ಸಹಜ. ವಯನಾಡಿನ ತರಕಾರಿ ವ್ಯಾಪಾರಿಗೂ ಬೆಂಗಳೂರಿನಲ್ಲಿ ಓದುವ ಅಲ್ಲಿನ ಮಕ್ಕಳಿಗೂ ಅದರಿಂದ ತೊಂದರೆಯಿದೆ. ಅವರ ಅಹವಾಲು ಸುಳ್ಳಲ್ಲ. ಆನೆಗೆ ರಾತ್ರಿ ರಸ್ತೆ ದಾಟಬೇಕಾದ ಅಗತ್ಯವೂ ಸುಳ್ಳಲ್ಲ. ಆ ವಾದದಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಆ ಸಾಲಿನಲ್ಲಿ ದೃಶ್ಯ ನೋಡಲು ಹೋಗುವ ನಾನು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಸಂಶಯವಿಲ್ಲ. ಕಟ್ಟಕಡೆಗೆ. 2024ರ ಮೇ ತಿಂಗಳಿಂದ ಊಟಿಗೆ ಹೋಗುವವರು ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಪಡೆಯಬೇಕಾಯಿತು. ಜನ ಗೊಣಗಿದರು; ನಾನೂ ಗೊಣಗುತ್ತಿದ್ದೆನೇನೋ. ಈಗ ಅನಿಸುತ್ತದೆ, ಒಬ್ಬರ ಮನೆಗೆ ಹೋಗುವ ಮುಂಚೆ ಬರಬಹುದೇ ಎಂದು ಕೇಳುವುದರಲ್ಲಿ ಅವಮಾನವೇನಿದೆ?

ಈ ಮರ್ಯಾದೆ ನಮಗೆ ಹೊಸದೂ ಅಲ್ಲ. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುನ್ನ ತುಳಿಯುತ್ತಿದ್ದೇನೆ, ಕ್ಷಮಿಸು ಎಂದು ಭೂಮಿಯನ್ನು ಕೇಳುವ ಶ್ಲೋಕವನ್ನು ಅಜ್ಜಿಯಂದಿರು ಹೇಳಿಕೊಟ್ಟಿದ್ದಾರೆ. ನಮ್ಮೂರಿನಿಂದ ಪ್ರತಿ ವರ್ಷ ಶಬರಿಮಲೆಗೆ ಹೋಗುವವರು ಹೊರಡುವ ಮುಂಚೆ ನಲವತ್ತೊಂದು ದಿನ ವ್ರತ ಹಿಡಿಯುತ್ತಾರೆ. ಯಾತ್ರೆ ಹೋಗುವವನು ಮೊದಲು ತನ್ನನ್ನು ಸಿದ್ಧಮಾಡಿಕೊಳ್ಳುತ್ತಿದ್ದ. ನಾವು ಟೈರಿನ ಗಾಳಿ ನೋಡುತ್ತೇವೆ. ಎಲ್ಲ ಪ್ರವಾಸವೂ ಯಾತ್ರೆಯಾಗಬೇಕೆಂದು ನನ್ನ ವಾದವಲ್ಲ. ಸಿದ್ಧತೆ ಎಂಬ ಮಾತಿನಲ್ಲಿ ಆ ಹಳೆಯ ಅರ್ಥ ಸ್ವಲ್ಪವಾದರೂ ಉಳಿಯಲಿ ಎಂದಷ್ಟೆ.

2025ರ ಫೆಬ್ರವರಿಯಲ್ಲಿ ನಾವು ಹೊರಟೆವು. ಕಾಡನ್ನು ಹಗಲಿನಲ್ಲಿ ದಾಟಿದೆವು. ಅದೇ ಮನೆಯಲ್ಲಿ ಇಳಿದೆವು. ಮೂರು ಸಾವಿರದ ವಿಷಯ ಅವರೂ ಎತ್ತಲಿಲ್ಲ. ನಾನು ಕ್ಷಮೆ ಕೇಳಬೇಕೆಂದು ಕೂತಿದ್ದವನು ಅವರ ಮುಖ ನೋಡಿ ಸುಮ್ಮನಾದೆ. ಅಡುಗೆಗೆ ಬೇರೆಯವರು ಬರುತ್ತಿದ್ದರು. ಮಗಳು ಚೂರಲ್‌ಮಲ ನೋಡಬೇಕೆಂದಳು. “ಅಲ್ಲಿ ಬೇಡ ಮೋಳೆ, ಇನ್ನೊಂದು ಕಡೆ ಕರ್ಕೊಂಡು ಹೋಗ್ತೇನೆ” ಎಂದು ಅವರು ನಮ್ಮನ್ನು ಪುತ್ತುಮಲಕ್ಕೆ ಕರೆದೊಯ್ದರು. 2019ರಲ್ಲಿ ಅಲ್ಲಿಯೂ ಬೆಟ್ಟ ಕುಸಿದು ಹದಿನೇಳು ಜನ ಸತ್ತಿದ್ದರು. 2024ರಲ್ಲಿ ಗುರುತು ಸಿಗದ ಶವಗಳನ್ನು ಆ ಊರಿನಲ್ಲೇ ಮಣ್ಣು ಮಾಡಿದ್ದಾರೆ. ಗುರುತಿಗೆ ಹೆಸರಿಲ್ಲದೆ ಸಂಖ್ಯೆ. ದಿನವೆಲ್ಲ ಖಾತೆ ಸಂಖ್ಯೆ ನೋಡುವವನು ನಾನು. ಅಲ್ಲಿ ಸಂಖ್ಯೆ ಹೊಡೆದರೆ ಒಂದು ಹೆಸರು ಬರುತ್ತದೆ. ಇಲ್ಲಿ ಎಷ್ಟು ಹೊತ್ತು ನಿಂತರೂ ಬರಲಿಲ್ಲ. ನಮ್ಮನ್ನು ಕರೆದೊಯ್ದವರು ಯಾವ ಸಂಖ್ಯೆಯ ಮುಂದೆಯೂ ನಿಲ್ಲದೆ ನಿಧಾನವಾಗಿ ಎಲ್ಲದರ ನಡುವೆ ನಡೆದರು. ಮಗಳು ಫೋನನ್ನು ಚೀಲದೊಳಗೆ ಇಟ್ಟಳು, ಯಾರೂ ಹೇಳಿರಲಿಲ್ಲ.

ಸುತ್ತಲಿನ ಬೆಟ್ಟ ಆಗಲೂ ಚೆನ್ನಾಗಿತ್ತು. ಇದನ್ನು ಮುಚ್ಚಿಡಲಾರೆ. ಚಹಾ ತೋಟದ ಮೇಲೆ ಬಿಸಿಲು ಬಿದ್ದಿತ್ತು, ನನ್ನ ಕಣ್ಣು ಅತ್ತ ಹೋಯಿತು, ಒಳಗೆ ಸಂತೋಷವೂ ಆಯಿತು. ಸೌಂದರ್ಯ ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ. ಆದರೆ ಆ ಸಂತೋಷದೊಳಗೆ ಒಬ್ಬ ಅಡುಗೆಯಾಕೆಯ ಲೆಕ್ಕವೂ ಸೇರಿತ್ತು. ಹಿಂದಿನ ಯೋಜನೆಯಲ್ಲಿ ಅದು ಇರಲಿಲ್ಲ. ಹಿಂದಿರುಗುವಾಗ, 2018ರ ಆಗಸ್ಟಿನಲ್ಲಿ ಕುಸಿದಿದ್ದ ಮದೆನಾಡು, ಜೋಡುಪಾಲದ ಕಡೆ ಬಂದಾಗ ನಾವು ದೃಶ್ಯಕ್ಕಾಗಿ ನಿಲ್ಲಲಿಲ್ಲ. ಚಹಾ ಕುಡಿಯಲು ನಿಂತೆವು. ಆ ವರ್ಷ ಏನಾಯಿತೆಂದು ಅಂಗಡಿಯಾತ ಕೇಳದೆಯೇ ಹೇಳತೊಡಗಿದ. ಅರ್ಧ ಗಂಟೆ ಕೇಳಿದೆವು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ಕಾಲಮ್ಮೊಂದಿದೆ: ಅಲ್ಲಿ ಯಾರಿದ್ದಾರೆ. ಎಲ್ಲ ಸಾಲಿನಲ್ಲೂ ಅದು ತುಂಬಿಲ್ಲ.

ಕೊನೆಗೆ ನಮ್ಮೂರಿನ ಮಾತು. ರಜೆ ಬಂದರೆ ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟಿ ಲೇಪಾಕ್ಷಿಗೆ ಬರುತ್ತವೆ. ನಂದಿಯನ್ನೂ, ತೂಗುವ ಕಂಬವನ್ನೂ ನೋಡುತ್ತಾರೆ; ನಮ್ಮ ಬಂಡೆಬೆಟ್ಟಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮಗೆ ಬರಗಾಲವಾಗಿ ಕಾಣುವುದು ಅವರಿಗೆ ಚೆಲುವಾಗಿ ಕಾಣುತ್ತದೆ. ಒಮ್ಮೆ ನಮ್ಮ ಹೊಲದ ಬದುವಿನಲ್ಲೇ ನಿಂತು ಫೋಟೋ ತೆಗೆದು ಹೋದವರನ್ನು ನೋಡಿ ಅಪ್ಪ, “ಬಂಡೆ ನೋಡಿದ್ರು, ಬಾವಿ ನೋಡ್ಲಿಲ್ಲ ಕಣೋ” ಎಂದಿದ್ದರು. ಆಗ ನನಗೆ ಅದು ಮುದುಕರ ಗೊಣಗಾಟವೆನಿಸಿತ್ತು. ಈ ಓದುಗರಲ್ಲಿ ಯಾರಾದರೂ ಲೇಪಾಕ್ಷಿಗೆ ಬಂದರೆ ಕೊಡಿಕೊಂಡಕ್ಕೂ ಬನ್ನಿ. ಬಂಡೆಗಳನ್ನು ಕಣ್ತುಂಬ ನೋಡಿ. ಅವು ನಿಜಕ್ಕೂ ಚೆನ್ನಾಗಿವೆ. ನೋಡುವ ಮುಂಚೆ ಬದುವಿನಲ್ಲಿ ಕೂತವರನ್ನು ಈ ವರ್ಷ ಮಳೆ ಹೇಗೆ ಎಂದು ಒಂದು ಮಾತು ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರ ಸಿಗುತ್ತದೆ.